ಆಟಕ್ಕೂ ರಾಷ್ಟ್ರಪ್ರಶಸ್ತಿ ಇದೆಯಾ ತಾತ?

"ತಾತ, ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಕೊಡ್ತಾರಲ್ಲ, ಹಾಗೆ ವಿಡಿಯೊ ಗೇಮಿಗೂ ಕೊಡ್ತಾರಾ?"

ಮೊಮ್ಮಗಳು ಈ ಪ್ರಶ್ನೆ ಕೇಳಿದಾಗ ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ತಲೆ ಎತ್ತದೆ, "ಆಟ ಆಡೋದೂ ಅಲ್ಲದೆ ಬಹುಮಾನ ಬೇರೆ ಕೇಡು" ಎಂದುಬಿಟ್ಟೆ.

"ಆಡಿದ್ದಕ್ಕಲ್ಲ ತಾತ, ಮಾಡಿದ್ದಕ್ಕೆ."

ಆಡುವುದಕ್ಕೂ ಮಾಡುವುದಕ್ಕೂ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆ ದಿನ ಅದು ನನ್ನ ಕಿವಿಗೆ ಬೀಳಲಿಲ್ಲ. ಬಿದ್ದಿದ್ದರೆ ಈ ವಾರ ನಿಮ್ಮ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವ ಪ್ರಸಂಗ ಬರುತ್ತಿರಲಿಲ್ಲ.

ಈ ಅಂಕಣದ ಹಳೆಯ ಓದುಗರಿಗೆ ನಮ್ಮ ಮನೆ ಗೊತ್ತು. ಹಲಸೂರಿನ ಸೋಮೇಶ್ವರ ದೇವಸ್ಥಾನದಿಂದ ನಾಲ್ಕು ಹೆಜ್ಜೆ. ಮನೆಯಲ್ಲಿ ನಾನು, ನಮ್ಮ ಮನೆಯವಳು, ಒಂದು ಹಳೆಯ ಲ್ಯಾಪ್‌ಟಾಪು. ಮಗ ಸೊಸೆ ಕೆ.ಆರ್. ಪುರದಲ್ಲಿದ್ದಾರೆ. ಎಂಟನೇ ತರಗತಿಯ ಮೊಮ್ಮಗಳು ಶನಿವಾರ ಶಾಲೆ ಮುಗಿಸಿ ಮೆಟ್ರೊ ಹತ್ತಿ ಬರುತ್ತಾಳೆ, ಭಾನುವಾರ ಸಂಜೆ ಹೋಗುತ್ತಾಳೆ. ನಾನು ದೂರವಾಣಿನಗರದ ಐಟಿಐ ಕಾರ್ಖಾನೆಗೆ ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸು ಹತ್ತಿ ಹೋಗುತ್ತಿದ್ದ ಕಾಲದಲ್ಲಿ ಅದೇ ದಾರಿಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಅವಳು ಒಂದು ಕಥೆ ಓದಿ ಮುಗಿಸುವಷ್ಟರಲ್ಲಿ ಹಲಸೂರು ಬಂದುಬಿಡುತ್ತದೆ.

ನನಗೆ 'ಗೇಮ್' ಎಂಬ ಪದ ಕೇಳಿದರೆ ಮೈ ಉರಿಯುತ್ತಿದ್ದುದಕ್ಕೆ ಕಾರಣವಿತ್ತು. ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಒಬ್ಬ ತಾಯಿ ಇದ್ದಾರೆ. ಅವರ ಮಗ ಒಳ್ಳೆಯ ಹುಡುಗ, ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ. ಎರಡು ವರ್ಷದ ಕೆಳಗೆ ಅವನು ಬೈಕು ರಿಪೇರಿಗೆಂದು ನನ್ನಿಂದ 8 ಸಾವಿರ ಸಾಲ ತೆಗೆದುಕೊಂಡ. ಬೈಕು ಕೆಟ್ಟಿರಲೇ ಇಲ್ಲ. ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ರಮ್ಮಿಗೆ ಬಿದ್ದಿದ್ದ. ಮೊದಲ ವಾರ ನೂರಿನ್ನೂರು ಗೆದ್ದನಂತೆ. ಆಮೇಲೆ ಸೋತದ್ದನ್ನು ವಾಪಸು ಪಡೆಯಲು ಆಡಿದ. ಅದನ್ನು ವಾಪಸು ಪಡೆಯಲು ಮತ್ತೆ ಆಡಿದ. ಕೊನೆಗೆ ಆ ತಾಯಿಯ ಎರಡು ಬಳೆ ಗಿರವಿ ಅಂಗಡಿ ಸೇರಿದವು. ಮದುವೆಯಲ್ಲಿ ತವರಿನವರು ಕೊಟ್ಟ ಬಳೆ. ಬರಿಗೈಯಲ್ಲಿ ಹೂ ಕಟ್ಟುತ್ತ ಕೂತಿದ್ದ ಅವರನ್ನು ನೋಡಿ ಬಂದ ದಿನವೇ ನಮ್ಮ ಮನೆಯಲ್ಲಿ ಗೇಮ್ ಬಂದ್ ಎಂದು ಸಾರಿದ್ದೆ.

ಹೀಗಿರುವಾಗ ಜುಲೈ ತಿಂಗಳ ಕೊನೆಯ ಒಂದು ಮಧ್ಯಾಹ್ನ ವಿದ್ಯುತ್ ಬಿಲ್ಲು ಕಟ್ಟಲು ಲ್ಯಾಪ್‌ಟಾಪು ತೆರೆದೆ. ತೆರೆಯ ಮೇಲೆ ಹಳದಿ ಬಣ್ಣದ ಹುಲಿಯೊಂದು ಬಾಯಿ ಕಳೆದು ನಿಂತಿತ್ತು. ಕೆಳಗೆ ಇಂಗ್ಲಿಷಿನಲ್ಲಿ 'ಆಟ ಶುರು' ಎಂಬ ಗುಂಡಿ. ನನಗೆ ಆ ಹುಡುಗನ ಮೊಬೈಲೇ ಕಣ್ಣಮುಂದೆ ಬಂತು. ಯಾರು, ಏನು ಎಂದು ಕೇಳದೆ ಆ ಫೈಲುಗಳನ್ನು ಅಳಿಸಿದೆ. ಕಂಪ್ಯೂಟರಿನ ಕಸದ ಬುಟ್ಟಿಯನ್ನೂ ಖಾಲಿ ಮಾಡಿದೆ. ಅಷ್ಟು ಬುದ್ಧಿ ಇತ್ತು, ನೋಡಿ!

ಶನಿವಾರ ಅವಳು ಬಂದು ಹುಡುಕಿದಳು. ಹತ್ತು ನಿಮಿಷ ಹುಡುಕಿದ ಮೇಲೆ ನಾನೇ ಹೇಳಿದೆ. ಅವಳು ಅಳಲಿಲ್ಲ, ಕೂಗಲಿಲ್ಲ. "ಅದನ್ನ ನಾನೇ ಮಾಡಿದ್ದೆ. ಆಡು ಹುಲಿ. ಅಜ್ಜಿ ಕಲಿಸಿದ್ದು. ಆರು ವಾರ ಆಗಿತ್ತು. ನೀವು ಒಂದು ಮಾತು ಕೇಳಬಹುದಿತ್ತು" ಎಂದಳು.

ಮಾತು ಬಂದಾಗಿನಿಂದ ನನ್ನನ್ನು 'ನೀನು' ಎಂದೇ ಕರೆದ ಮಗು. ಆ ದಿನ 'ನೀವು' ಎಂದಳು. ಮುಂದಿನ ಎರಡು ಶನಿವಾರ ಅವಳು ಹಲಸೂರಿಗೆ ಬರಲಿಲ್ಲ.

ನಮ್ಮ ಮನೆಯವಳು ಮಾತ್ರ ಒಂದೇ ವಾಕ್ಯ ಹೇಳಿದಳು: "ರೀ, ಅದು ನಾನು ಹೇಳಿಕೊಟ್ಟ ಆಟ. ನನ್ನ ಆಟವನ್ನೇ ಅಳಿಸಿದ್ರಿ."

ಹುಲಿ ಹೋಗಿತ್ತು, ತರುವುದಕ್ಕೆ ಆಗದು. ಅವಳ ಪ್ರಶ್ನೆ ಮಾತ್ರ ಬಾಕಿ ಉಳಿದಿತ್ತು. ಆಟಕ್ಕೂ ರಾಷ್ಟ್ರಪ್ರಶಸ್ತಿ ಇದೆಯಾ? ಕನಿಷ್ಠ ಉತ್ತರವನ್ನಾದರೂ ತೆಗೆದುಕೊಂಡು ಅವಳ ಮನೆಗೆ ಹೋಗೋಣ ಎಂದು ಹೊರಟೆ. ಹಳೆಯ ಪತ್ರಿಕೆಗಳನ್ನು ತಿರುವಿದೆ, ಇಂದಿರಾನಗರದಲ್ಲಿ ಕಂಪ್ಯೂಟರ್ ಕೆಲಸ ಮಾಡುವ ತಂಗಿಯ ಮಗನನ್ನು ಪೀಡಿಸಿದೆ. ಸಿಕ್ಕಿದ್ದನ್ನು ನಿಮಗೂ ಹೇಳುತ್ತೇನೆ.

ಸಿನಿಮಾದ ಹಾಗೆ ವರ್ಷವರ್ಷ ರಾಷ್ಟ್ರಪತಿಗಳ ಕೈಯಿಂದ ಕಮಲದ ಪದಕ ಕೊಡುವ ಪದ್ಧತಿ ಆಟಗಳಿಗೆ ಬಂದಿಲ್ಲ. ಆದರೆ ದೇಶಮಟ್ಟದ ಬಹುಮಾನ ಬಂದಿದೆ. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತಲ್ಲ, ಅದಾದ ಐದೇ ದಿನಕ್ಕೆ, ಜುಲೈ 4ರಂದು, ನಮ್ಮವರೇ ಮಾಡಿದ ಆ್ಯಪ್‌ಗಳಿಗೆ ಒಂದು ಸ್ಪರ್ಧೆ ಸಾರಲಾಯಿತು. ಹೆಸರು 'ಆತ್ಮನಿರ್ಭರ ಭಾರತ ಆ್ಯಪ್ ಇನೊವೇಷನ್ ಚಾಲೆಂಜ್'. ಎಂಟು ವಿಭಾಗಗಳು, ಅದರಲ್ಲಿ ಒಂದು ಆಟಗಳದು. ಮೊದಲ ಬಹುಮಾನ 20 ಲಕ್ಷ, ಎರಡನೆಯದು 15, ಮೂರನೆಯದು 10 ಲಕ್ಷ ರೂಪಾಯಿ. ಎಲ್ಲ ವಿಭಾಗಗಳಿಗೂ ಸೇರಿ ಬಂದ ಅರ್ಜಿಗಳು 6,940!

ಆಟಗಳಲ್ಲಿ ಮೊದಲನೆಯದಾಗಿ ಬಂದದ್ದು ಹೈದರಾಬಾದಿನವರ 'ಹಿಟ್‌ವಿಕೆಟ್', ಕ್ರಿಕೆಟ್ ತಂಡ ಕಟ್ಟಿ ನಡೆಸುವ ಆಟ. ಸೂರತ್ತಿನವರ 'ಸ್ಕಾರ್‌ಫಾಲ್', ಚೆನ್ನೈಯವರ 'ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಷಿಪ್ 2' ಕೂಡ ಬಹುಮಾನ ಪಡೆದವು. ಬೆಂಗಳೂರಿನದು ಆಟದ ಪಟ್ಟಿಯಲ್ಲಿಲ್ಲ. ನಮ್ಮೂರಿಗೆ ಬಂದ ಬಹುಮಾನಗಳಲ್ಲಿ ಒಂದು ಪುಟ್ಟ ಮಕ್ಕಳಿಗೆ ಹಾಡು ಕಥೆಗಳ ಮೂಲಕ ಕಲಿಸುವ 'ಕುಟುಕಿ'ಯದು, ಅದು ಕಲಿಕೆಯ ವಿಭಾಗದಲ್ಲಿ. ಆ ಆಗಸ್ಟ್ 30ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಗಳು ನಮ್ಮ ಚನ್ನಪಟ್ಟಣದ ಗೊಂಬೆಗಳ ಹೆಸರು ಹೇಳಿ, ಹಾಗೆಯೇ ಕಂಪ್ಯೂಟರ್ ಆಟಗಳೂ ಇಲ್ಲಿಯವೇ ಆಗಬೇಕು ಎಂದು ಮಾತಾಡಿದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇನ್ನೊಂದು ಬಗೆಯದು ಆಟ ಮಾಡುವವರೇ ಕೂಡಿ ಕೊಡುವ ಪ್ರಶಸ್ತಿ. ಇಂಡಿಯಾ ಗೇಮ್ ಡೆವಲಪರ್ ಕಾನ್ಫರೆನ್ಸ್ ಎಂಬ ವಾರ್ಷಿಕ ಕೂಟವಿದೆ. ಮೊದಲು ನಾಸ್ಕಾಂ ಸಂಸ್ಥೆಯ ಆಸರೆಯಲ್ಲಿ ನಡೆಯುತ್ತಿತ್ತು, ಬಹುಕಾಲ ಹೈದರಾಬಾದಿನಲ್ಲಿ ಸೇರುತ್ತಿತ್ತು. ಅಲ್ಲಿ ಆ ವರ್ಷದ ಒಳ್ಳೆಯ ಭಾರತೀಯ ಆಟಗಳನ್ನು ಆರಿಸಿ ಗೌರವಿಸುತ್ತಾರೆ. ಒಬ್ಬರಿಬ್ಬರು ಮನೆಯಲ್ಲೇ ಕೂತು ಮಾಡಿದ ಆಟಗಳಿಗೂ ಅಲ್ಲಿ ಜಾಗವಿದೆ.

ಈ ಕೂಟ ಬೆಳೆದದ್ದರ ಹಿಂದೆ ನಮ್ಮ ಊರಿನವರೊಬ್ಬರಿದ್ದಾರೆ ಎಂದು ತಂಗಿಯ ಮಗ ಹೇಳಿದಾಗ ನನಗೆ ಆಶ್ಚರ್ಯವಾಯಿತು. ರಾಜೇಶ್ ರಾವ್ ಎಂದು. 1990ರ ದಶಕದಲ್ಲಿ, ಬೆಂಗಳೂರಿನಲ್ಲಿ ಇಂಟರ್ನೆಟ್ ಎಂದರೆ ಟೆಲಿಫೋನಿನ ಒಳಗೆ ಕೀರಲು ಸದ್ದು ಎಂಬ ಕಾಲದಲ್ಲಿ, ಇವರು 'ಧ್ರುವ ಇಂಟರಾಕ್ಟಿವ್' ಎಂಬ ಆಟದ ಕಂಪನಿ ಶುರು ಮಾಡಿದರು. ದೇಶದಲ್ಲೇ ಮೊದಮೊದಲಿನದು. (ಆ ಕೀರಲು ಸದ್ದು ಹಾಯುತ್ತಿದ್ದ ಟೆಲಿಫೋನುಗಳಲ್ಲಿ ಎಷ್ಟೋ ನಮ್ಮ ಐಟಿಐನವು ಎಂದು ನನ್ನ ಪುಟ್ಟ ಹೆಮ್ಮೆಯನ್ನೂ ಇಲ್ಲಿ ಸೇರಿಸಿಬಿಡುತ್ತೇನೆ.) ಇವರ ಹುಡುಗ ಹುಡುಗಿಯರು ಹೊರದೇಶದ ದೊಡ್ಡ ದೊಡ್ಡ ಆಟಗಳಿಗೆ ಚಿತ್ರ, ವಾಹನ, ಕಟ್ಟಡಗಳನ್ನು ಮಾಡಿಕೊಟ್ಟರು. 'ಫೋರ್ಜಾ' ಎಂಬ ಕಾರು ಓಡಿಸುವ ಆಟ ನಿಮ್ಮಲ್ಲಿ ಯಾರಾದರೂ ಆಡಿದ್ದರೆ, ಅದರ ಕೆಲಸದಲ್ಲಿ ಬೆಂಗಳೂರಿನ ಕೈಗಳಿವೆ. 2019ರ ಮೇ ತಿಂಗಳಲ್ಲಿ ಈ ಕಂಪನಿಯನ್ನು ಅಮೆರಿಕದ ರಾಕ್‌ಸ್ಟಾರ್ ಕೊಂಡುಕೊಂಡಿತು.

ಇದನ್ನು ಕೇಳಿ ನನಗೆ ಸಂತೋಷದ ಜೊತೆಗೆ ಒಂದು ಇರುಸುಮುರುಸೂ ಆಯಿತು. ಕೈ ನಮ್ಮದು, ಕಥೆ ಅವರದು. ಬೇರೆಯವರ ಮದುವೆಗೆ ನಾವು ಚಪ್ಪರ ಹಾಕಿದ ಹಾಗೆ. ಚಪ್ಪರ ಹಾಕುವುದು ಕೀಳು ಕೆಲಸ ಅಲ್ಲವೇ ಅಲ್ಲ, ಕೈ ಪಳಗುವುದೇ ಅಲ್ಲಿ. ಆದರೆ ನಮ್ಮ ಮನೆಯ ಮದುವೆಯೂ ಒಂದು ದಿನ ಆಗಬೇಕಲ್ಲ? 'ನಮ್ಮಲ್ಲೇ ಹುಟ್ಟಿದ ಆಟ'ಕ್ಕೆ ಬೇರೆಯಾಗಿ ಒಂದು ಬಹುಮಾನ ಇರಲಿ ಎನ್ನುವವರ ಮಾತಿನ ಅರ್ಥ ನನಗೆ ಆಗ ಹೊಳೆಯಿತು.

ಹೀಗೆ ಹುಟ್ಟಿದ ಆಟ ಯಾವುದು ಎಂದರೆ ಪುಣೆಯ ಒಂದು ಸಣ್ಣ ತಂಡದ 'ರಾಜಿ' ಎಂಬ ಆಟದ ಹೆಸರು ಹೇಳುತ್ತಾರೆ. 2020ರಲ್ಲಿ ಬಂದದ್ದು. ರಾಜಿ ಎಂಬ ಹುಡುಗಿ ಅಸುರರು ಹೊತ್ತೊಯ್ದ ತನ್ನ ತಮ್ಮ ಗೋಲುವನ್ನು ಹುಡುಕಿಕೊಂಡು ಹೋಗುತ್ತಾಳೆ. ನಡುನಡುವೆ ಕಥೆ ಹೇಳುವುದು ನೆರಳು ಗೊಂಬೆಗಳಿಂದ. ನಮ್ಮ ತೊಗಲುಗೊಂಬೆಯಾಟ ನೋಡಿದ ಅಜ್ಜಿಯರಿಗೆ ಇದೇನು ಹೊಸದಲ್ಲ ಅನಿಸಬಹುದು. ಆ ತಂಡ ಜನರಿಂದ ಹಣ ಸೇರಿಸಲು ನೋಡಿ ಸೋತು, ತಮ್ಮ ಕೈಯಿಂದಲೇ ಹಾಕಿ ಕೆಲಸ ಮುಂದುವರಿಸಿತ್ತು. ಅದೇ ವರ್ಷ ಅಮೆರಿಕದ 'ದಿ ಗೇಮ್ ಅವಾರ್ಡ್ಸ್'ನಲ್ಲಿ ಹೊಸಬರ ಮೊದಲ ಆಟ ಎಂಬ ವಿಭಾಗದ ಕೊನೆಯ ಐದರಲ್ಲಿ ಅದೂ ಒಂದಾಗಿತ್ತು. ಬಹುಮಾನ ಬೇರೆಯವರಿಗೆ ಹೋಯಿತು.

ಈ ನಡುವೆ ಇನ್ನೊಂದು ಸುದ್ದಿ ಬಂತು. ಆಗಸ್ಟ್ 22ರಂದು, ಶುಕ್ರವಾರ, ಆನ್‌ಲೈನ್ ಆಟಗಳ ಹೊಸ ಕಾಯಿದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಾನು ಅದನ್ನು ಎರಡು ಸಲ ಓದಿದೆ. ಆ ಕಾಯಿದೆ ಆಟಗಳನ್ನೆಲ್ಲ ಒಂದೇ ಗೋಣಿಗೆ ತುಂಬುವುದಿಲ್ಲ. ಸ್ಪರ್ಧೆಯಾಗಿ ಆಡುವ ಇ-ಸ್ಪೋರ್ಟ್ಸ್ ಬೇರೆ, ಮನರಂಜನೆಗೂ ಕಲಿಕೆಗೂ ಆಡುವ ಆಟ ಬೇರೆ, ಹಣ ಪಣವಿಟ್ಟು ಆಡುವುದು ಬೇರೆ. ಮೊದಲೆರಡಕ್ಕೆ ಪ್ರೋತ್ಸಾಹ. ಮೂರನೆಯದಕ್ಕೆ ನಿಷೇಧ. ಅಂಥದ್ದನ್ನು ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ. ಆಡಿ ಸೋತ ಹುಡುಗರಿಗೆ ಶಿಕ್ಷೆ ಇಲ್ಲ. (ನಮ್ಮ ರಾಜ್ಯವೂ 2021ರಲ್ಲಿ ಇಂಥದ್ದೇ ಕಾನೂನು ತಂದಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ತಳ್ಳಿಹಾಕಿತ್ತು.) ದೊಡ್ಡ ದೊಡ್ಡವರು ದಿಲ್ಲಿಯಲ್ಲಿ ಕೂತು ಆಟ ಬೇರೆ ಜೂಜು ಬೇರೆ ಎಂದು ಗೆರೆ ಎಳೆಯುವ ಮೊದಲೇ ಅದನ್ನು ನನ್ನ ಮೊಮ್ಮಗಳು ಒಂದು ಅಕ್ಷರದಲ್ಲಿ ಎಳೆದಿದ್ದಳು. ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ.

ಮಾರನೆಯ ದಿನ ಶನಿವಾರ. ಕೆ.ಆರ್. ಪುರಕ್ಕೆ ನಾನೇ ಹೋದೆ. ಸೊಸೆ ಬಾಗಿಲು ತೆರೆದು, "ಬನ್ನಿ ಮಾವ" ಎಂದು ಕಣ್ಣಲ್ಲೇ ಒಳಕೋಣೆ ತೋರಿಸಿದಳು. ನಾನು ಬರೆದುಕೊಂಡು ಹೋಗಿದ್ದ ಎರಡು ಹಾಳೆಯನ್ನು ಮೊಮ್ಮಗಳ ಮೇಜಿನ ಮೇಲಿಟ್ಟೆ. "ನಿನ್ನ ಪ್ರಶ್ನೆಗೆ ಉತ್ತರ ತಂದಿದ್ದೀನಿ ಪುಟ್ಟಿ. ತಪ್ಪು ನನ್ನದು" ಎಂದೆ. ಅವಳು ಓದಿದಳು. ಮಧ್ಯದಲ್ಲಿ ಒಂದು ಕಡೆ ಪೆನ್ನಿನಿಂದ ನನ್ನ ಕಾಗುಣಿತ ತಿದ್ದಿದಳು. ಆಮೇಲೆ, "ಮತ್ತೆ ಮಾಡಬೇಕು ಅಂದ್ರೆ ನೀನೂ ಕೂತ್ಕೋಬೇಕು" ಎಂದಳು.

ನೀನು! ನನಗೆ ಅಷ್ಟು ಸಾಕಾಗಿತ್ತು.

ಗೌರಿ ಗಣೇಶನ ಹಬ್ಬಕ್ಕೆ ಎಲ್ಲರೂ ಹಲಸೂರಿಗೆ ಬಂದರು. ಕಡುಬು ತಿಂದ ಮೇಲೆ ಕೆಲಸ ಶುರು. ಅವಳು ಬಳಸುವುದು 'ಸ್ಕ್ರ್ಯಾಚ್' ಎಂಬ ಸಾಧನ, ಅಮೆರಿಕದ ಎಂಐಟಿಯವರು ಮಕ್ಕಳಿಗಾಗಿಯೇ 2007ರಲ್ಲಿ ಬಿಟ್ಟದ್ದು, ದುಡ್ಡಿಲ್ಲದೆ ಸಿಗುತ್ತದೆ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುತ್ತ ಹೋಗಬೇಕು. ಒಂದೊಂದು ತುಂಡೂ ಒಂದು ಆಜ್ಞೆ: ಹೀಗಿದ್ದರೆ ಹಾಗೆ ಮಾಡು, ಇಲ್ಲದಿದ್ದರೆ ಹೀಗೆ ಮಾಡು. ನೋಡುತ್ತ ನೋಡುತ್ತ ನನಗೆ ಕಾರ್ಖಾನೆ ನೆನಪಾಯಿತು. ಹಳೆಯ ಸ್ಟ್ರೋಜರ್ ಎಕ್ಸ್‌ಚೇಂಜಿನಲ್ಲಿ ನೀವು ತಿರುಗಿಸಿದ ಒಂದೊಂದು ಅಂಕಿಗೂ ಒಂದೊಂದು ಕೈ ಮೆಟ್ಟಿಲು ಹತ್ತಿ ತನ್ನ ಜಾಗ ಹುಡುಕುತ್ತಿತ್ತು. ಅದೂ 'ಹೀಗಿದ್ದರೆ ಹಾಗೆ'ಯೇ. "ಅಯ್ಯೋ, ಇದು ನಮ್ಮ ಕೆಲಸ ಕಣೇ!" ಎಂದೆ. ಅವಳು ನಂಬಲಿಲ್ಲ.

ಆಡು ಹುಲಿ ಗೊತ್ತಿಲ್ಲದ ಮಕ್ಕಳಿಗೆ ಎರಡು ಮಾತು. ತ್ರಿಕೋನಕ್ಕೆ ಅಡ್ಡಗೆರೆಗಳನ್ನು ಎಳೆದ ಪಟ, ನಮ್ಮ ಮನೆಯದರಲ್ಲಿ 23 ಮನೆ. ಹುಲಿ ಮೂರು, ಆಡು ಹದಿನೈದು. ಹುಲಿ ಮೊದಲೇ ಪಟದ ಮೇಲಿರುತ್ತದೆ. ಆಡುಗಳನ್ನು ಒಂದೊಂದಾಗಿ ಇಳಿಸಬೇಕು, ಎಲ್ಲ ಇಳಿಯುವವರೆಗೂ ಯಾವ ಆಡೂ ಅಲುಗಾಡುವಂತಿಲ್ಲ. ಹುಲಿ ಆಡಿನ ಮೇಲೆ ನೆಗೆದು ಆಚೆಯ ಖಾಲಿ ಮನೆಗೆ ಇಳಿದರೆ ಆ ಆಡು ಹೋಯಿತು. ಮೂರು ಹುಲಿಗಳೂ ಅಲುಗದಂತೆ ಕಟ್ಟಿಹಾಕಿದರೆ ಆಡು ಗೆದ್ದಿತು. ಒಂದು ಕಡೆ ಮೂರು ಬಲಶಾಲಿಗಳು, ಇನ್ನೊಂದು ಕಡೆ ಹದಿನೈದು ಬಡಪಾಯಿಗಳು. ಎರಡು ಕಡೆಗೂ ಬೇರೆ ಬೇರೆ ಕಾಯಿ, ಬೇರೆ ಬೇರೆ ಗುರಿ. ಇಂಥ ಆಟವನ್ನು ಕಂಡುಹಿಡಿದವರು ಯಾರೋ, ಅವರಿಗೆ ಯಾವ ಪದಕವನ್ನೂ ಯಾರೂ ಕೊಡಲಿಲ್ಲ. ಹಂಪಿಯ ಮಂಟಪಗಳಿಗೆ ಹೋದರೆ ನೆಲದ ಕಲ್ಲಿನಲ್ಲಿ ಇಂಥ ಆಟದ ಪಟಗಳನ್ನು ಕೊರೆದಿರುವುದು ಕಾಣುತ್ತದೆ. ನೇಪಾಳದ 'ಬಾಘ್ ಚಾಲ್'ನಲ್ಲಿ ಹುಲಿ ನಾಲ್ಕು, ಆಡು ಇಪ್ಪತ್ತು.

ಆಟಕ್ಕೆ ರಾಜಮರ್ಯಾದೆ ಸಿಕ್ಕಿದ್ದೂ ನಮ್ಮಲ್ಲಿ ಉಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, 1794ರಲ್ಲಿ ಹುಟ್ಟಿ 1868ರವರೆಗೆ ಬದುಕಿದವರು, ಚದುರಂಗ, ಗಂಜೀಫಾ ಎಲೆಗಳು, ಪಗಡೆಯಂಥ ಆಟಗಳನ್ನು ಬರೀ ಆಡಿದವರಲ್ಲ. ಹೊಸ ಪಟ, ಹೊಸ ಲೆಕ್ಕ, ಹೊಸ ನಿಯಮಗಳನ್ನು ಅವರೇ ಕಟ್ಟಿದರು. ಅವರ 'ಶ್ರೀತತ್ತ್ವನಿಧಿ' ಎಂಬ ದೊಡ್ಡ ಗ್ರಂಥದಲ್ಲಿ ಆಟಗಳಿಗೇ ಕೌತುಕನಿಧಿ ಎಂಬ ಭಾಗವಿದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಗೇಮ್ ಡಿಸೈನರ್. ಇದನ್ನು ಹೇಳಿದಾಗ ಮೊಮ್ಮಗಳು, "ಅರಮನೆಯಲ್ಲಿ ಅವರ ಫೈಲ್ ಯಾರೂ ಡಿಲೀಟ್ ಮಾಡಲಿಲ್ಲ ಬಿಡು" ಎಂದಳು. ಬಾಯಿ ಮುಚ್ಚಿಕೊಂಡೆ.

ಮೊದಲ ಹುಲಿ ಪೆದ್ದು ಹುಲಿ. ಯಾವ ಕಡೆ ದಾರಿ ಇದೆಯೋ ಆ ಕಡೆ ಚೀಟಿ ಎತ್ತಿದಂತೆ ನಡೆಯುತ್ತಿತ್ತು. ಪಕ್ಕದಲ್ಲೇ ಆಡು ಇದ್ದರೂ ತಿನ್ನದೆ ತಿರುಗಿ ಹೋಗುತ್ತಿತ್ತು. ನಾನೂ ಗೆದ್ದೆ.

ಎರಡನೆಯದು ಹಸಿದ ಹುಲಿ. ತಿನ್ನುವ ಅವಕಾಶ ಕಂಡರೆ ಸಾಕು, ಹಿಂದೆ ಮುಂದೆ ನೋಡದೆ ನೆಗೆಯಿತು. ನನ್ನನ್ನು ಸುಲಭವಾಗಿ ಸೋಲಿಸಿತು. ಆಗ ನಮ್ಮ ಮನೆಯವಳು ಕನ್ನಡಕ ಹಾಕಿಕೊಂಡು ಕೂತಳು. ಒಂದು ಆಡನ್ನು ಬೇಕೆಂದೇ ಹುಲಿಯ ಬಾಯಿಗೆ ಕೊಟ್ಟಳು. ಹುಲಿ ಹಾರಿ ಮೂಲೆಗೆ ಬಿತ್ತು. ಹಿಂದಿನಿಂದ ಎರಡು ಆಡು ತಂದು ದಾರಿ ಮುಚ್ಚಿದಳು. ಹೀಗೆ ಮೂರು ಆಡು ಕೊಟ್ಟು ಮೂರು ಹುಲಿ ಕಟ್ಟಿದಳು. "ಹಸಿದೋನಿಗೆ ಬುದ್ಧಿ ಇರಲ್ಲ. ಆಡು ಓಡಬಾರದು, ಜೊತೆಜೊತೆಗೆ ಕೂರಬೇಕು. ಒಂದರ ಬೆನ್ನಿಗೆ ಒಂದು ಇದ್ರೆ ಹುಲಿ ನೆಗೆದು ಎಲ್ಲಿ ಇಳೀತದೆ?" ಎಂದಳು. ಮೊಮ್ಮಗಳು ಆ ಮಾತನ್ನು ಹಾಗೇ ಪುಸ್ತಕದಲ್ಲಿ ಬರೆದುಕೊಂಡಳು.

ಮೂರನೆಯ ಹುಲಿ ಲೆಕ್ಕ ಹಾಕುವ ಹುಲಿ. ಹೆಜ್ಜೆ ಇಡುವ ಮೊದಲು ಆ ಮನೆಗೆ ಹೋದರೆ ಮುಂದೆ ತನಗೆಷ್ಟು ದಾರಿ ಉಳಿಯುತ್ತದೆ ಎಂದು ಎಣಿಸುತ್ತದೆ. ಇದನ್ನು ಸರಿಮಾಡಲು ಮೂರು ಶನಿವಾರ ಬೇಕಾಯಿತು. ಹುಲಿ ಈಗ ಅಜ್ಜಿಯನ್ನೂ ಕಷ್ಟಕ್ಕೆ ಸಿಕ್ಕಿಸುತ್ತಿತ್ತು. ನಮಗೆ ಹೆಮ್ಮೆಯೋ ಹೆಮ್ಮೆ. ಪಕ್ಕದ ಮನೆಯ ಒಂದನೇ ತರಗತಿಯ ಹುಡುಗನನ್ನು ಕರೆದು ಕೂರಿಸಿದೆವು. ಅವನು ಆರು ಸಲ ಸೋತು, ಏಳನೆಯ ಸಲ ಅಳುತ್ತ ಎದ್ದುಹೋದ.

ಅವಳಿಗೆ ಯೋಚನೆಗಿಟ್ಟುಕೊಂಡಿತು. ಯಾವಾಗಲೂ ಗೆಲ್ಲುವ ಹುಲಿಯ ಜೊತೆ ಯಾರು ಆಡುತ್ತಾರೆ? ಯಾವಾಗಲೂ ಸೋಲುವ ಹುಲಿಯ ಜೊತೆಗೂ ಯಾರೂ ಆಡರು. ಕೊನೆಗೆ, "ಹುಲಿಗೆ ಆಗಾಗ ಆಕಳಿಕೆ ಬರಲಿ ತಾತ" ಎಂದಳು. ಐದು ನಡೆಗೊಮ್ಮೆ ಹುಲಿ ಲೆಕ್ಕ ಮರೆತು ಹೇಗೋ ಒಂದು ಹೆಜ್ಜೆ ಇಡುತ್ತದೆ. ಗಮನವಿಟ್ಟು ನೋಡುತ್ತಿದ್ದವರಿಗೆ ಅದು ಅವಕಾಶ. ಇದನ್ನು ಮಾಡಿದ ಮೇಲೆ ಅದೇ ಹುಡುಗ ಬಂದು ಮೂರನೆಯ ಸಲಕ್ಕೆ ಗೆದ್ದು ಮನೆತುಂಬ ಕುಣಿದ. ಹೂವಿನಮ್ಮನ ಮಗನಿಗೆ ಈ ಆಟ ತೋರಿಸಿದಾಗ ಅವನು ತುಸು ಹೊತ್ತು ಸುಮ್ಮನಿದ್ದು, "ನಾನು ಆಡ್ತಿದ್ದುದೂ ಹಿಂಗೇ ತಾತ, ಒಂದೊಂದು ಸಲ ಗೆಲ್ಲಿಸ್ತಿತ್ತು. ಆದ್ರೆ ಅದು ನಾನು ಖುಷಿಪಡಲಿ ಅಂತಲ್ಲ, ಎದ್ದು ಹೋಗದಿರಲಿ ಅಂತ" ಎಂದ. ಅವನೀಗ ಆ ಆಟ ಬಿಟ್ಟಿದ್ದಾನೆ. ಒಂದು ಬಳೆ ಬಿಡಿಸಿಕೊಂಡಿದ್ದಾನೆ. ಇನ್ನೊಂದು ಬಾಕಿಯಿದೆ.

ಇನ್ನು ನಿಯಮದ ಜಗಳ. ಎದುರುಮನೆಯ ತಮಿಳು ಪಾಟಿ ಒಂದು ದಿನ ಬಂದು ನೋಡಿ, "ಇದು ಆಡು ಪುಲಿ ಆಟ್ಟಂ, ನಮ್ಮೂರದು" ಎಂದರು. ನಮ್ಮ ಮನೆಯವಳು, "ನಮ್ಮದೂ ಹೌದು" ಎಂದಳು. ಐದು ಆಡು ತಿಂದರೆ ಹುಲಿ ಗೆದ್ದ ಹಾಗೆ ಎಂದು ಇವಳು. ಅದೇನಿಲ್ಲ, ಕಟ್ಟಲು ಆಗುವಷ್ಟು ಆಡು ಉಳಿದಿರುವವರೆಗೂ ಆಟ ನಡೆಯಬೇಕು ಎಂದು ಅವರು. ಅರ್ಧ ಗಂಟೆ ವಾದವಾಯಿತು. ಮೊಮ್ಮಗಳು ಏನೂ ಹೇಳದೆ ಆಟದ ಮೊದಲ ಪುಟದಲ್ಲಿ ಎರಡು ಗುಂಡಿ ಇಟ್ಟಳು: 'ಅಜ್ಜಿ ನಿಯಮ', 'ಪಾಟಿ ನಿಯಮ'.

ಪಾಟಿಗೆ ನಾನು 'ವೆಂಬಾ' ಆಟದ ವಿಷಯ ಹೇಳಿದೆ. ಕೆನಡಾದ ಟೊರಾಂಟೊದಲ್ಲಿ ಒಂದು ಸಣ್ಣ ತಂಡ ಮಾಡಿ 2023ರಲ್ಲಿ ಬಿಟ್ಟದ್ದು. ಅಲ್ಲಿಗೆ ಹೋಗಿ ನೆಲೆಸಿದ ತಮಿಳು ತಾಯಿಯ ಬಳಿ ಅವಳ ಅಮ್ಮನ ಅಡುಗೆ ಪುಸ್ತಕವಿದೆ, ಹರಿದು ಅಕ್ಷರ ಅಳಿಸಿಹೋಗಿದೆ. ಆಡುವವರು ಆ ಅಳಿದ ಸಾಲುಗಳನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆಯೇ ಇಡ್ಲಿ, ತಟ್ಟೆಗಳನ್ನು ಸರಿಯಾಗಿ ಜೋಡಿಸದಿದ್ದರೆ ಹಬೆ ಹಾಯುವುದಿಲ್ಲ! 2024ರಲ್ಲಿ ಅದಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಪಾಟಿ ಕೇಳಿದ್ದು ಒಂದೇ ಪ್ರಶ್ನೆ: "ಇಡ್ಲಿ ಮೆತ್ತಗೆ ಬರುತ್ತಾ?" ಇಡ್ಲಿ ನಮ್ಮದು, ಮಾಡಿದ್ದು ಕೆನಡಾದಲ್ಲಿ, ಪ್ರಶಸ್ತಿ ಕೊಟ್ಟವರು ಇಂಗ್ಲಿಷಿನವರು. ಕ್ರಿಕೆಟ್ಟು ಇಂಗ್ಲಿಷಿನವರದು, ಆಟ ಮಾಡಿದವರು ಹೈದರಾಬಾದಿನವರು, ಪ್ರಶಸ್ತಿ ಕೊಟ್ಟವರು ನಮ್ಮವರು. ಇದರಲ್ಲಿ ನಮ್ಮಲ್ಲೇ ಹುಟ್ಟಿದ್ದು ಯಾವುದು ಎಂದು ತೀರ್ಪುಗಾರರು ಹೇಗೆ ಹೇಳುತ್ತಾರೋ ನಾನು ಕಾಣೆ. ನನ್ನ ಕೈಗೆ ತಕ್ಕಡಿ ಕೊಟ್ಟರೆ ವೆಂಬಾವನ್ನೂ ನಮ್ಮ ಕಡೆಗೇ ಹಾಕಿಕೊಳ್ಳುತ್ತೇನೆ, ಎಮ್ಮೆ ಯಾವ ಕೊಟ್ಟಿಗೆಯಲ್ಲಿ ಕಟ್ಟಿದ್ದರೂ ಹಾಲಿನ ರುಚಿ ತಿಳಿಯುತ್ತದೆ.

ಪದಕದ ವಿಷಯದಲ್ಲಿ ನನಗೆ ಅವಸರವೂ ಇಲ್ಲ. ನಮ್ಮಲ್ಲಿ 'ರಾಜಾ ಹರಿಶ್ಚಂದ್ರ' ಸಿನಿಮಾ ಬಂದದ್ದು 1913ರಲ್ಲಿ. ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಶುರುವಾದದ್ದು 1954ರಲ್ಲಿ. ನಡುವೆ ನಲವತ್ತು ವರ್ಷ ನಮ್ಮ ಹಿರಿಯರು ಸಿನಿಮಾ ನೋಡಿದರೆ ಹುಡುಗರು ಕೆಡುತ್ತಾರೆ ಎಂದೇ ಹೇಳುತ್ತಿದ್ದರು. ಕನ್ನಡದ 'ಸಂಸ್ಕಾರ'ಕ್ಕೆ 1970ರ ಶ್ರೇಷ್ಠ ಚಿತ್ರವೆಂದು ಸ್ವರ್ಣಕಮಲ ಬಂತು, ಅದಕ್ಕೂ ಮುನ್ನ ಅದೇ ಚಿತ್ರವನ್ನು ಸೆನ್ಸಾರಿನವರು ತಡೆದಿದ್ದರು. ನನ್ನ ಅಪ್ಪ ಶಿವಾಜಿನಗರದ ಟಾಕೀಸಿನ ಮುಂದೆ ನನ್ನನ್ನು ಹಿಡಿದು ಕಿವಿ ಹಿಂಡಿದ್ದು ಆ ಕಾಲದಲ್ಲೇ. ನಾನು ಫೈಲು ಅಳಿಸಿದೆ. ಮನೆತನದ ಗುಣ. ಬೆಂಗಳೂರಿನಲ್ಲಿ ಆಟ ಮಾಡಲು ಶುರುವಾಗಿ ಇನ್ನೂ ಮೂವತ್ತು ವರ್ಷ ಆಗುತ್ತಿದೆ. ಈ ಕೆಲಸಕ್ಕೆಂದೇ ದೇಶದಲ್ಲಿ ಮೊದಲು, 2012ರಲ್ಲಿ, ನೀತಿ ಮಾಡಿದ ರಾಜ್ಯ ನಮ್ಮದು. ಕೆ.ಆರ್. ಪುರದ ಆಚೆ ಮಹದೇವಪುರದಲ್ಲಿ 2023ರಲ್ಲಿ ಅನಿಮೇಷನ್, ಆಟಗಳಿಗಾಗಿ ಒಂದು ಕೇಂದ್ರವನ್ನೂ ತೆರೆದಿದ್ದಾರೆ. ಮೊಮ್ಮಗಳ ಮನೆಯಿಂದ ಮೆಟ್ರೊದಲ್ಲಿ ಹತ್ತು ನಿಮಿಷವೂ ಇಲ್ಲ. ಅದರ ಮುಂದೆ ಒಂದು ಸಲ ಹೋಗಿ ನಿಂತು ಬಂದಿದ್ದಾಳಂತೆ.

ನವೆಂಬರ್ 14ರಂದು ಅವಳ ಶಾಲೆಯಲ್ಲಿ ವಸ್ತುಪ್ರದರ್ಶನ. ನಾವಿಬ್ಬರೂ ಹೋದೆವು, ಪಾಟಿಯೂ ಬಂದರು. ಮೊದಲ ಬಹುಮಾನ ನೀರಿನ ತೊಟ್ಟಿ ತುಂಬಿದರೆ ಕೂಗುವ ಯಂತ್ರಕ್ಕೆ ಹೋಯಿತು, ಅದು ನಿಜಕ್ಕೂ ಚೆನ್ನಾಗಿತ್ತು. ಇವಳಿಗೆ ಏನೂ ಬರಲಿಲ್ಲ. "ಇದು ಹಳೇ ಆಟ ಅಲ್ಲವೇನಮ್ಮ, ನಿನ್ನದೇನಿದೆ?" ಎಂದು ತೀರ್ಪುಗಾರರೊಬ್ಬರು ಕೇಳಿದಾಗ ಅವಳು, "ಆಕಳಿಕೆ ನನ್ನದು ಸಾರ್" ಎಂದಳಂತೆ. ಅವರಿಗೆ ಅರ್ಥವಾಗಲಿಲ್ಲವಂತೆ.

ಆದರೆ ಮೂರು ಗಂಟೆಯ ಮೇಲ್ಪಟ್ಟು ಅವಳ ಮೇಜಿನ ಮುಂದೆ ಕುರ್ಚಿ ಸಾಲದಾದವು. ಬಂದವರಲ್ಲಿ ಮಕ್ಕಳಿಗಿಂತ ಮಕ್ಕಳನ್ನು ಕರೆದುಕೊಂಡು ಬಂದ ಅಜ್ಜ ಅಜ್ಜಿಯರೇ ಹೆಚ್ಚು. ಮೌಸ್ ಹಿಡಿಯಲು ಬಾರದವರು ಬೆರಳು ತೋರಿಸಿ "ಅಲ್ಲಿಡು, ಅಲ್ಲಿಡು" ಎನ್ನುತ್ತಿದ್ದರು, ಮೊಮ್ಮಕ್ಕಳು ಇಡುತ್ತಿದ್ದರು. ಕೋಲಾರದ ಕಡೆಯ ಹಿರಿಯರೊಬ್ಬರು ಎರಡು ಆಟ ಗೆದ್ದು, ಆಮೇಲೆ ಬೇಸರದ ಮುಖ ಮಾಡಿ, "ನಮ್ಮ ಹಟ್ಟೀಲಿ ಹುಲಿ ನಾಲ್ಕು ಕಣಮ್ಮ" ಎಂದರು. ಇವಳು ಪುಸ್ತಕ ತೆರೆದು ಪೂರ್ತಿ ನಿಯಮ ಬರೆದುಕೊಂಡಳು. ರಾತ್ರಿ ಮೆಟ್ರೊದಲ್ಲಿ ಪಾಟಿ ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದರು, ಇವಳು ಮೂರನೆಯ ಗುಂಡಿಯ ಚಿತ್ರ ಬರೆಯುತ್ತಿದ್ದಳು.

ಈಗ ಅವಳದೊಂದು ಬೇಡಿಕೆ, ನನ್ನ ಮೂಲಕ. ನಿಮ್ಮ ಮನೆಯ ಅಜ್ಜ ಅಜ್ಜಿಯನ್ನು ಕೇಳಿ, ಆಡು ಹುಲಿಯನ್ನು ನಿಮ್ಮೂರಲ್ಲಿ ಹೇಗೆ ಆಡುತ್ತಿದ್ದರು ಎಂದು ಒಂದು ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸಿ. ಪಟದ ಚಿತ್ರ ಬರೆಯಿರಿ, ಹುಲಿ ಎಷ್ಟು, ಆಡು ಎಷ್ಟು, ಎಷ್ಟು ಆಡು ಹೋದರೆ ಆಟ ಮುಗಿಯಿತು, ಯಾವ ಊರು. ಹುಣಸೆಬೀಜವೋ, ಬೆಣಚುಕಲ್ಲೋ, ಬಳೆಯ ಚೂರೋ, ಏನಿಟ್ಟು ಆಡುತ್ತಿದ್ದರು ಎಂಬುದನ್ನೂ ಬರೆಯಬೇಕಂತೆ, ಕಾಯಿಗಳ ಚಿತ್ರವನ್ನು ಅದೇ ರೀತಿ ಮಾಡುತ್ತಾಳಂತೆ. ಬಂದ ಕಾರ್ಡುಗಳನ್ನು ನಾನೇ ಜೋಪಾನವಾಗಿ ಅವಳಿಗೆ ತಲುಪಿಸುತ್ತೇನೆ. ಒಂದನ್ನೂ ಅಳಿಸುವುದಿಲ್ಲ.